ಚಿನ್ನುವಿನ ಹಣೆಯ ಉಪ್ಪು

ಇಲ್ಲಿ ಊಟವನ್ನು ಅಗಿಯುವಂತಿಲ್ಲ. ದೇವನಹಳ್ಳಿ ಕಡೆಯ ಈ ಹಳ್ಳಿಗೆ ಬಂದ ದಿನ ನನಗೆ ಸಿಕ್ಕ ಮೊದಲ ಅಪ್ಪಣೆ ಅದು. ಮನೆಯೊಡತಿ ಮುನಿಯಮ್ಮ ಹೊಗೆಯಾಡುವ ಕಂದು ಉಂಡೆಯೊಂದನ್ನು ತಟ್ಟೆಗಿಟ್ಟು, ಸುತ್ತ ಸಾರು ಸುರಿದು, ನನ್ನ ಎದುರೇ ಕುಕ್ಕರುಗಾಲಲ್ಲಿ ಕೂತರು. ನಾನು ಒಂದು ಚೂರು ಮುರಿದು ಬಾಯಿಗಿಟ್ಟು ಹಲ್ಲಾಡಿಸಿದೆನೋ ಇಲ್ಲವೋ, "ಅಗೀಬ್ಯಾಡ ಅಮ್ಮಣ್ಣಿ! ಮುದ್ದೇನ ಹಲ್ಲಿಗೆ ತಗುಲುಸ್ಬಾರ್ದು. ಸಾರಲ್ಲಿ ಅದ್ದು, ನುಂಗು" ಎಂದರು. ಹಲ್ಲು ಬಂದಾಗಿನಿಂದ ಖಡಕ್ ಜೋಳದ ರೊಟ್ಟಿ ಕಡಿದು ಬೆಳೆದವಳು ನಾನು. ನುಂಗುವುದು ಅಂದರೆ ನಮ್ಮಲ್ಲಿ ಗುಳಿಗೆಯನ್ನು. ಕಣ್ಣುಮುಚ್ಚಿ ನುಂಗಿದೆ, ಗಂಟಲಲ್ಲಿ ಸಿಕ್ಕಿಕೊಂಡು ಇಲ್ಲೇ ಸತ್ತರೆ ಊರಿಗೆ ಸುದ್ದಿ ಮುಟ್ಟಿಸುವವರು ಯಾರು ಎಂದು ಯೋಚಿಸುತ್ತಲೇ ನುಂಗಿದೆ.

ನಾನು ಅಂಜುಬುರುಕಿ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಬಾದಾಮಿ ಸೀಮೆಯ ನಮ್ಮ ಊರಿನಲ್ಲಿ ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಧಾರವಾಡದಲ್ಲಿ ಓದುವಾಗಲೂ ಹಾಸ್ಟೆಲ್ಲಿನ ಹಿಂದಿನ ದಾರಿಯಲ್ಲಿ ಒಬ್ಬಳೇ ಹೋದವಳಲ್ಲ. ಅಂಥವಳು ಕೆಲಸ ಸಿಕ್ಕಿತೆಂದು ರೈಲು ಹತ್ತಿ, ನಾನ್ನೂರೈವತ್ತು ಕಿಲೋಮೀಟರ್ ದಾಟಿ, ಗುರುತು ಪರಿಚಯವಿಲ್ಲದ ಮನೆಯ ಮಹಡಿಯ ಒಂಟಿ ಕೋಣೆಯಲ್ಲಿ ಬಂದು ನಿಂತೆ. "ಸುಮಂಗಲಾ ಹೋದ್ಲಂತ? ಒಬ್ಬಾಕೀನ?" ಎಂದು ಓಣಿಯವರು ಅವ್ವನನ್ನು ಕೇಳಿದರಂತೆ. ನನಗೇ ನಂಬಿಕೆ ಇರಲಿಲ್ಲ, ಅವರಿಗೆಲ್ಲಿಂದ ಬರಬೇಕು.

ವಿಮಾನ ನಿಲ್ದಾಣ ಶುರುವಾಗಿ ಆಗಲೇ ಕೆಲವು ವರ್ಷಗಳಾಗಿದ್ದವು. ಮುನಿಯಮ್ಮನವರ ಹೊಲದ ಒಂದು ಭಾಗ ರಸ್ತೆಗೆ ಹೋಗಿ, ಉಳಿದದ್ದರಲ್ಲಿ ದ್ರಾಕ್ಷಿ ಚಪ್ಪರ ನಿಂತಿತ್ತು. ಮಗ ನಾರಾಯಣಸ್ವಾಮಿ ನಿಲ್ದಾಣದ ಸರಕು ವಿಭಾಗದಲ್ಲಿ ಸಂಬಳದ ಕೆಲಸದಲ್ಲಿದ್ದರು. ಮನೆಯ ನೆತ್ತಿಯ ಮೇಲೆಯೇ ವಿಮಾನ ಚಕ್ರ ಇಳಿಬಿಟ್ಟುಕೊಂಡು ಹಾಯುತ್ತದೆ, ಪಾತ್ರೆಗಳು ಗಿಣಿಗಿಣಿ ಅನ್ನುತ್ತವೆ. ನಾನು ಮೊದಲ ವಾರವೆಲ್ಲ ತಲೆ ತಗ್ಗಿಸಿ ಕೂತುಬಿಡುತ್ತಿದ್ದೆ. ಆ ಮನೆಯವರು ಮಾತ್ರ ಆಡುತ್ತಿದ್ದ ಮಾತನ್ನು ಅರ್ಧಕ್ಕೆ ನಿಲ್ಲಿಸಿ, ವಿಮಾನ ದಾಟಿದ ಮೇಲೆ ಬಿಟ್ಟ ಪದದಿಂದಲೇ ಮುಂದುವರಿಸುತ್ತಾರೆ. ನಮ್ಮೂರಲ್ಲಿ ಜಗಳವನ್ನು ಕೂಡ ಹೀಗೆ ಅಚ್ಚುಕಟ್ಟಾಗಿ ಯಾರೂ ನಿಲ್ಲಿಸುವುದಿಲ್ಲ.

ಭಾಷೆ ಒಂದೇ ಅಂದುಕೊಂಡು ಬಂದಿದ್ದೆ, ಅದೂ ಕೈಕೊಟ್ಟಿತು. ನಾನು ಎಲ್ಲರಿಗೂ 'ಹೌದ್ರಿ, ಇಲ್ರಿ, ಬರ್ರಿ' ಅನ್ನುವವಳು. ಇಲ್ಲಿ ಹೆಂಡತಿ ಗಂಡನನ್ನು ಕರೆಯುವುದು 'ರೀ' ಎಂದು. ನಾನು ನಾರಾಯಣಸ್ವಾಮಿಯವರನ್ನು "ನೀರು ಬಂತೇನ್ರೀ?" ಎಂದು ಕೇಳಿದಾಗ ಅವರ ಹೆಂಡತಿ ಪವಿತ್ರ ಸೆರಗು ಬಾಯಿಗಿಟ್ಟುಕೊಂಡು ಒಳಗೋಡಿದಳು. ಆಕೆ ಮಾತ್ರ ಗಂಡನನ್ನು 'ಮಾವ' ಎಂದೇ ಕರೆಯುವುದು, ಏಕೆಂದರೆ ಆತ ಅವಳ ತಾಯಿಯ ಒಡಹುಟ್ಟಿದ ತಮ್ಮ. ಮುನಿಯಮ್ಮ ಅವಳಿಗೆ ಅತ್ತೆಯೂ ಹೌದು, ಹೆತ್ತಮ್ಮನ ಅಮ್ಮನೂ ಹೌದು. ಇದು ಮಾತ್ರ ನನಗೆ ಹೊಸದೆನಿಸಲಿಲ್ಲ. ನನ್ನ ಅಪ್ಪ ಕೂಡ ನನ್ನ ಅವ್ವನಿಗೆ ಸೋದರಮಾವನೇ. ತಂಗಿ ಶಿವಲೀಲಾಳನ್ನೂ ಹಾಗೆಯೇ ಅವ್ವನ ತಮ್ಮನಿಗೆ ಕೊಟ್ಟಿದ್ದೇವೆ.

ನನ್ನ ಕೆಲಸವೇನೆಂದು ಊರಿನವರು ಕೇಳುತ್ತಲೇ ಇರುತ್ತಾರೆ, ಅವ್ವ 'ದವಾಖಾನಿ ಔಷಧ ಮಾಡ್ತಾಳ' ಎಂದು ಹೇಳಿ ಮುಗಿಸುತ್ತಾಳೆ. ಹಾಗಲ್ಲ. ಕೈಗಾರಿಕಾ ಪ್ರದೇಶದ ಒಂದು ಸಣ್ಣ ಪ್ರಯೋಗಶಾಲೆಯಲ್ಲಿ ನಾನು ಜೀವಕೋಶಗಳನ್ನು ಬೆಳೆಸುತ್ತೇನೆ. ಯಾವುದೋ ಕಾಲದಲ್ಲಿ ಸತ್ತ ಒಂದು ನಾಯಿಯ ಮೂತ್ರಪಿಂಡದಿಂದ ತೆಗೆದ ಕೋಶಗಳು ಅವು, ನಾಯಿ ಹೋದರೂ ಅವು ಬೆಳೆಯುತ್ತಲೇ ಇವೆ. ಮೊದಲ ದಿನ ಇದನ್ನು ಕೇಳಿ ನನ್ನ ಮೈಮೇಲೆ ಮುಳ್ಳೆದ್ದವು.

ಇವು ಎಪಿಥೀಲಿಯಲ್ ಕೋಶಗಳು. ನಮ್ಮ ಕರುಳಿನ ಒಳಮೈ, ಶ್ವಾಸನಾಳದ ಒಳಮೈ, ಬೆವರಿನ ಗ್ರಂಥಿಯ ಕೊಳವೆ, ಎಲ್ಲದಕ್ಕೂ ಚಾಪೆಯಂತೆ ಹಾಸಿಕೊಂಡಿರುವ ಕೋಶಗಳ ಜಾತಿ. ಸಣ್ಣ ಬಟ್ಟಲಿನೊಳಗೆ ಸೂಕ್ಷ್ಮ ರಂಧ್ರಗಳ ಪೊರೆಯ ಮೇಲೆ ಬಿಟ್ಟರೆ ಕೆಲವೇ ದಿನಗಳಲ್ಲಿ ಪಕ್ಕದವಳ ಕೈ ಬಿಗಿಯಾಗಿ ಹಿಡಿದು ಹಾಸು ಕಟ್ಟುತ್ತವೆ. ಆಮೇಲೆ ಅವಕ್ಕೆ ಮೇಲ್ಮೈ ಯಾವುದು ತಳಮೈ ಯಾವುದು ಎಂಬ ಅರಿವು ಬರುತ್ತದೆ. ನಮ್ಮ ಮನೆಗಳಿಗೆ ಮುಂಬಾಗಿಲು, ಹಿತ್ತಿಲ ಬಾಗಿಲು ಇಲ್ಲವೇ? ಬೀಗರು ಮುಂದಿನಿಂದ, ಮುಸುರೆ ಹಿಂದಿನಿಂದ. ಕೋಶವೂ ತಾನು ತಯಾರಿಸಿದ ಪ್ರತಿಯೊಂದು ಪ್ರೋಟೀನನ್ನೂ ಇದು ಮೇಲಿನ ಪೊರೆಗೆ, ಇದು ಕೆಳಗಿನ ಪೊರೆಗೆ ಎಂದು ವಿಂಗಡಿಸಿ ಕಳಿಸುತ್ತದೆ. ತಪ್ಪಿದರೆ, ಪ್ರೋಟೀನು ಇದ್ದೂ ಇಲ್ಲದಂತೆ.

ನಾವು ನೋಡುತ್ತಿದ್ದದ್ದು ಅಂಥ ಒಂದೇ ಪ್ರೋಟೀನನ್ನು. ಅದು ಮೇಲ್ಪೊರೆಯಲ್ಲಿ ಕೂತು ಉಪ್ಪಿನಂಶ ಹೋಗಿ ಬರುವುದಕ್ಕೆ ಬಾಗಿಲಾಗುತ್ತದೆ. ಕೆಲವರಲ್ಲಿ ಅದರ ರಚನೆಯಲ್ಲಿ ಒಂದು ಸಣ್ಣ ತಪ್ಪಿರುತ್ತದೆ, ಕೋಶ ಅದನ್ನು ಒಳಗೇ ಹಿಡಿದಿಟ್ಟು ಕರಗಿಸಿಬಿಡುತ್ತದೆ. ಆಗ ಶ್ವಾಸಕೋಶದಲ್ಲಿ ಕಫ ಅಂಟಂಟಾಗುತ್ತದೆ, ತಿಂದ ಕೊಬ್ಬು ಅರಗುವುದಿಲ್ಲ, ಬೆವರಿನ ಜತೆ ಹೊರಟ ಉಪ್ಪು ವಾಪಸು ಒಳಗೆ ಬರುವುದಿಲ್ಲ. ನಾನು ಓದಿದ ಪುಸ್ತಕಗಳಲ್ಲಿ ಇದು ಬಿಳಿಯರ ಕಾಯಿಲೆ, ನಮ್ಮಲ್ಲಿ ತೀರಾ ಅಪರೂಪ ಎಂದು ಒಂದು ಸಾಲಿತ್ತು. ಪರೀಕ್ಷೆಗೆ ಆ ಸಾಲನ್ನು ಬಾಯಿಪಾಠ ಮಾಡಿದ್ದೆ.

ಕೆಲಸಕ್ಕೆ ಸೇರಿದ ಎರಡನೇ ತಿಂಗಳು ಒಂದು ಅವಮಾನ ಮಾಡಿಕೊಂಡೆ. ಸೂಕ್ಷ್ಮದರ್ಶಕದಲ್ಲಿ ಕೋಶದ ಹಾಸನ್ನು ಹೋಳು ಹೋಳಾಗಿ ಚಿತ್ರ ತೆಗೆಯುತ್ತೇವೆ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ. ಹಸಿರು ಬಣ್ಣ ಕಟ್ಟಿದ ಪ್ರೋಟೀನು ಮೇಲಿನ ಹೋಳಿನಲ್ಲಿ ಫಳಫಳ ಹೊಳೆಯುತ್ತಿತ್ತು. ನಾವು ಹಾಕಿದ ರಾಸಾಯನಿಕ ಕೆಲಸ ಮಾಡಿತೆಂದು ನಾನು ಕೂಗಿಕೊಂಡೆ. ಊರಿಂದ ತಂದಿದ್ದ ಧಾರವಾಡ ಪೇಡೆಯ ಡಬ್ಬಿ ತೆಗೆದು ಎಲ್ಲರಿಗೂ ಹಂಚಿದೆ. ನಮ್ಮ ಮುಖ್ಯಸ್ಥೆ ರೇವತಿ ಮೇಡಂ ಪೇಡೆ ತಿನ್ನುತ್ತಲೇ ಪರದೆ ನೋಡಿ, "ಸುಮಂಗಲಾ, ನೀನು ಚಿತ್ರ ತೆಗೆದದ್ದು ತಳದಿಂದ. ಮೇಲೆ ಅಂತ ನೋಡ್ತಿರೋದು ಕೆಳಗಿಂದು" ಎಂದರು. ಹುಳಿ ತಿಂದವರ ಮುಖ ಮಾಡಿಕೊಂಡು ನಿಂತೆ. ಅಂದಿನಿಂದ ನನ್ನ ಕಣ್ಣಿನ ಮೇಲೆ ನನಗೇ ಸಂಶಯ.

ಇನ್ನು ಚಿನ್ನು. ಪವಿತ್ರಳ ಮಗಳು. ನಾನು ಬಂದಾಗ ಅದಕ್ಕೆ ಎಂಟು ತಿಂಗಳು. ಊರು, ಅವ್ವ, ರೊಟ್ಟಿ ಬಡಿಯುವ ಸದ್ದು, ಎಲ್ಲ ಒಟ್ಟಿಗೆ ನೆನಪಾಗುವ ಭಾನುವಾರದ ಮಧ್ಯಾಹ್ನಗಳಲ್ಲಿ ನಾನು ಮೆಟ್ಟಿಲಿಳಿದು ಆ ಕೂಸನ್ನು ಎತ್ತಿಕೊಂಡು ಕೂರುತ್ತಿದ್ದೆ. ಅಪರಿಚಿತರ ನಡುವೆ ನನ್ನ ಭಾಷೆಗೆ ನಗದವಳು ಅವಳೊಬ್ಬಳೇ. ಕಣ್ಣು ದೊಡ್ಡವು, ಕೈಕಾಲು ಕಡ್ಡಿ. ಹಸಿವೋ ಹಸಿವು, ಎಷ್ಟು ಕುಡಿದರೂ ಮೈಗೆ ಹತ್ತುತ್ತಿರಲಿಲ್ಲ. ಒಂದು ಒದ್ದೆ ಕೆಮ್ಮು ಬಿಡದೆ ಇತ್ತು. ಭೇದಿಯಾದ ಬಟ್ಟೆ ಒಗೆಯುವಾಗ ಪವಿತ್ರ, "ಎಣ್ಣೆ ಎಣ್ಣೆ ಓಯ್ತದೆ ಅಕ್ಕ, ಉಜ್ಜಿದ್ರೂ ಬಿಡಲ್ಲ" ಎಂದು ಗೊಣಗುತ್ತಿದ್ದಳು. ಹತ್ತಿರದ ವೈದ್ಯರು ಕೆಮ್ಮಿಗೊಂದು, ಭೇದಿಗೊಂದು ಬಾಟಲಿ ಕೊಟ್ಟು ಕಳಿಸುತ್ತಿದ್ದರು.

ಮುನಿಯಮ್ಮನಿಗೆ ಕಾರಣ ಗೊತ್ತಿತ್ತು, ದೃಷ್ಟಿ. ದಿನಾ ದೀಪ ಹಚ್ಚುವ ಹೊತ್ತಿಗೆ ಅವರು ಕಲ್ಲುಪ್ಪನ್ನು ಮುಷ್ಟಿಯಲ್ಲಿ ಹಿಡಿದು, ಮಗುವಿನ ನೆತ್ತಿಯಿಂದ ಪಾದದವರೆಗೆ ಮೈಗೆ ಒತ್ತಿ ಒತ್ತಿ ಮೂರು ಸಲ ಇಳಿಸಿ, ಒಲೆಗೆ ಎಸೆಯುತ್ತಿದ್ದರು. ಅದು ಚಟಚಟ ಸಿಡಿದರೆ, "ನೋಡು, ಎಷ್ಟ್ ಬಿದ್ದಿತ್ತು ಕಣ್ಣು!" ನಮ್ಮಲ್ಲೂ ದೃಷ್ಟಿ ತೆಗೆಯುತ್ತೇವೆ, ಆದರೆ ಗಾಳಿಯಲ್ಲೇ ನಿವಾಳಿಸಿ ಚೆಲ್ಲುತ್ತೇವೆ. ಇವರದು ಮೈಗೆ ಒತ್ತುವ ಪದ್ಧತಿ.

ಇನ್ನೊಂದು ವಿಚಿತ್ರವನ್ನೂ ಕಂಡೆ. ಮೊಮ್ಮಗಳಿಗೆ ತುತ್ತಿಡುವಾಗ ಮುನಿಯಮ್ಮ ಮುಖವನ್ನು ಆ ಕಡೆ ತಿರುಗಿಸಿಕೊಳ್ಳುತ್ತಿದ್ದರು. ನೋಡದೆಯೇ ಬಾಯಿ ಹುಡುಕಿ ತುತ್ತಿಡುತ್ತಿದ್ದರು. ಕೇಳಿದರೆ ಇನ್ನೊಂದು ತುತ್ತು ಕಲಸತೊಡಗುತ್ತಿದ್ದರು.

ಚಿನ್ನುವಿಗೆ ಮುತ್ತಿಟ್ಟರೆ ತುಟಿ ಉಪ್ಪಾಗುತ್ತಿತ್ತು. ಮನೆಮಂದಿಗೆಲ್ಲ ಅದು ಗೊತ್ತಿತ್ತು, ತಮಾಷೆಯೂ ಆಗಿತ್ತು. ನಾರಾಯಣಸ್ವಾಮಿ ಕೆಲಸದಿಂದ ಬಂದು ಮಗಳ ಕೆನ್ನೆಗೆ ಮುತ್ತಿಟ್ಟು, "ನಮ್ ಉಪ್ಪಿನ್ಕಾಯಿ" ಎನ್ನುತ್ತಿದ್ದರು. ದೃಷ್ಟಿಯ ಉಪ್ಪು ಮೈಗೆ ಅಂಟಿರುತ್ತದೆ ಎಂದು ಅವರ ಲೆಕ್ಕ. ನನ್ನ ಲೆಕ್ಕವೂ ಅದೇ ಆಗಿತ್ತು. ಐದು ತಿಂಗಳು, ಹಗಲೆಲ್ಲ ಉಪ್ಪಿನ ಬಾಗಿಲಿನದೇ ಕೆಲಸ ಮಾಡಿ, ಸಂಜೆ ಬಂದು ಆ ಹಣೆಗೆ ಮುತ್ತಿಟ್ಟು, ಏನೂ ತಿಳಿಯದೆ ಮೆಟ್ಟಿಲು ಹತ್ತಿ ಹೋಗಿದ್ದೇನೆ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಅದು ಏಪ್ರಿಲ್ ತಿಂಗಳ ಒಂದು ಭಾನುವಾರ. ಮುನಿಯಮ್ಮ ಬಚ್ಚಲಲ್ಲಿ ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು, ಸೀಗೆಪುಡಿ ಹಚ್ಚಿ ಹಂಡೆಯ ನೀರು ಎರೆದರು. ಒರೆಸಿ, ಸಾಂಬ್ರಾಣಿ ಹೊಗೆ ಹಿಡಿದು, ನನ್ನ ತೊಡೆಗೆ ಕೊಟ್ಟರು. ಸ್ವಲ್ಪ ಹೊತ್ತಿಗೆ ಆ ಸೆಕೆಗೆ ಹಣೆಯ ಮೇಲೆ ಬೆವರ ಹನಿ ಮೂಡಿದವು. ನಾನು ಮುತ್ತಿಟ್ಟೆ. ಉಪ್ಪು. ನಮ್ಮ ಮಲಪ್ರಭೆ ದಂಡೆಯ ಸವುಳು ನೀರಿಗಿಂತ ಉಪ್ಪು. ಆಗಷ್ಟೇ ತೊಳೆದ ಮೈ ಅದು, ಸಂಜೆಯ ಕಲ್ಲುಪ್ಪು ಇನ್ನೂ ಡಬ್ಬಿಯಲ್ಲೇ ಇತ್ತು. ಬೆವರು ಆರಿದ ಕಡೆ ಕಿವಿಯ ಹಿಂದೆ ಬಿಳಿ ಪುಡಿ ಕಟ್ಟಿತ್ತು.

ಎಣ್ಣೆಯಂಥ ಭೇದಿ, ಬಿಡದ ಕೆಮ್ಮು, ಹತ್ತದ ಮೈ, ಉಪ್ಪು. ಬಾಯಿಪಾಠ ಮಾಡಿದ್ದ ಪುಟ ಇಡಿಯಾಗಿ ಕಣ್ಣೆದುರು ಬಂತು. "ಯಾಕಮ್ಮಣ್ಣಿ, ಬಿಳಿಚ್ಕಂಡೆ?" ಎಂದರು ಮುನಿಯಮ್ಮ. ತಲೆನೋವು ಅಂದು ಮಹಡಿಗೆ ಓಡಿದೆ.

ಒಂಬತ್ತು ದಿನ ಯಾರಿಗೂ ಹೇಳಲಿಲ್ಲ. ಹೇಳಿ ತಪ್ಪಾದರೆ? ತಳವನ್ನು ಮೇಲೆಂದು ನೋಡಿದವಳು ನಾನು, ಪೇಡೆ ಹಂಚಿದವಳು. ಹೇಳಿ ಸರಿಯಾದರೆ? ಅದು ಇನ್ನೂ ಭಯ. ತಂದೆ ತಾಯಿ ಇಬ್ಬರಲ್ಲೂ ಆ ದೋಷ ಅಡಗಿದ್ದರೆ ಮಾತ್ರ ಮಗುವಿಗೆ ಬರುವ ಕಾಯಿಲೆ ಇದು, ಒಂದೇ ನೆತ್ತರಿನವರಲ್ಲಿ ಅದಕ್ಕೆ ದಾರಿ ಹೆಚ್ಚು. ಆ ಮದುವೆಯನ್ನು ತಪ್ಪೆನ್ನಲು ನಾನು ಯಾರು, ನಾನೇ ಅಂಥ ಮದುವೆಯಲ್ಲಿ ಹುಟ್ಟಿದವಳು. ಸುಮ್ಮನಿದ್ದರೆ? ಬೇಸಿಗೆ ಏರುತ್ತಿತ್ತು. ಉಪ್ಪು ಕಳೆದುಕೊಂಡ ಮಗು ಒಂದು ಮಧ್ಯಾಹ್ನದಲ್ಲಿ ಸೊರಗಿ ಕೈಬಿಟ್ಟು ಹೋಗಬಹುದು. ಕೆಳಗೆ ಕೆಮ್ಮು ಕೇಳಿದಾಗಲೆಲ್ಲ ಕಿವಿ ಮುಚ್ಚಿಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಇನ್ನೊಂದು ಭಯ ಬಂದು ಸೇರಿತು. ನಲ್ಲಿಯ ಹತ್ತಿರ ಎದುರುಮನೆಯ ಚಿಕ್ಕತಾಯಮ್ಮ ಪವಿತ್ರಳಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು. "ಮೇಲ್ಗಡೆ ಮೇಡಂ ಎತ್ಕಂಡ್ಮೇಲೇ ಕಣೇ ಮಗಾ ಇನ್ನೂ ಬಡವಾಗಿರಾದು. ಮದ್ವೆ ಇಲ್ಲ, ಮಕ್ಳಿಲ್ಲ, ಆಸೆ ಕಣ್ಣು." ಪವಿತ್ರ ತುಂಬಿದ ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡು ಹೊರಟಳು. ಅವಳು ಅದನ್ನು ಅಲ್ಲಗಳೆಯದೆ ಹೋದದ್ದು ನನಗೆ ಬಹಳ ನೋವು ಕೊಟ್ಟಿತು. ಕಣ್ಣು ಹಾಕಿದವಳೇ ಕಾಯಿಲೆಯ ಹೆಸರನ್ನೂ ಹೇಳಿದರೆ ಈ ಊರಲ್ಲಿ ನನಗೆ ನಿಲ್ಲಲು ನೆರಳಿರುತ್ತದೆಯೇ?

ಕಡೆಗೆ ರೇವತಿ ಮೇಡಂ ಹತ್ತಿರ ಬಾಯಿಬಿಟ್ಟೆ. ಅವರು ಬರೆಯುತ್ತಿದ್ದ ಪೆನ್ನಿಗೆ ಮುಚ್ಚಳ ಹಾಕಿಟ್ಟರು. "ನಾವು ಡಾಕ್ಟರಲ್ಲ, ಕಾಯಿಲೆ ಹೆಸರು ಹೇಳೋ ಹಕ್ಕು ನಮಗಿಲ್ಲ. ಆದರೆ ಬೆವರಿನ ಪರೀಕ್ಷೆ ಮಾಡಿಸಿ ಅಂತ ಹೇಳದೆ ಇರೋ ಹಕ್ಕೂ ನಿನಗಿಲ್ಲ" ಎಂದರು. ಸಿಟಿಯಲ್ಲಿ ಆ ಪರೀಕ್ಷೆ ಎಲ್ಲಾಗುತ್ತದೆಂದು ತಾವೇ ಫೋನು ಮಾಡಿ ವಿಚಾರಿಸಿದರು.

ಮನೆಗೆ ಬಂದು ಪವಿತ್ರಳನ್ನು ಮಹಡಿಗೆ ಕರೆದೆ. ಕಾಯಿಲೆ ಎನ್ನಲಿಲ್ಲ, ಒಂದು ಬೇಡಿಕೆ ಇಟ್ಟೆ. "ಮೂರು ದಿನ ಕೂಸಿಗೆ ಉಪ್ಪು ಮುಟ್ಟಿಸಬ್ಯಾಡ. ದೃಷ್ಟಿ ತೆಗಿರಿ, ಬರೇ ಮೆಣಸಿನಕಾಯಿಲೆ ತೆಗಿರಿ. ಆಮ್ಯಾಲ ನೀನ ಅದರ ಹಣಿಗೆ ಮುತ್ತು ಕೊಟ್ಟು ನೋಡು."

"ಯಾಕಕ್ಕ?" ಅವಳ ಮುಖದಲ್ಲಿ ಚಿಕ್ಕತಾಯಮ್ಮನ ಮಾತು ನೆರಳಾಡಿತು.

"ನನ್ನ ಮ್ಯಾಲ ನಿಂಗ ಸಂಶಯ ಇದ್ರ ಮೂರು ದಿನ ನಾ ಕೆಳಗ ಇಳಿಯಂಗಿಲ್ಲ."

ಇಳಿಯಲೂ ಇಲ್ಲ. ಬೆಳಿಗ್ಗೆ ಹಿಂದಿನ ಮೆಟ್ಟಿಲಿನಿಂದ ಕೆಲಸಕ್ಕೆ, ಸಂಜೆ ಅದೇ ಮೆಟ್ಟಿಲಿನಿಂದ ಕೋಣೆಗೆ. ಆ ಮೂರು ದಿನ ನಾನು ದೇವರಲ್ಲಿ ಬೇಡಿಕೊಂಡದ್ದು ಒಂದೇ, ನನ್ನ ಕಣ್ಣು ಈ ಸಲವೂ ತಲೆಕೆಳಗಾಗಿ ನೋಡಿರಲಿ ಎಂದು. ಇಡೀ ಊರು ನನ್ನನ್ನು ನೋಡಿ ನಗಲಿ ಎಂದು.

ನಾಲ್ಕನೇ ದಿನ ಮೇಲೆ ಬಂದದ್ದು ಪವಿತ್ರಳಲ್ಲ, ಮುನಿಯಮ್ಮ. ಮಂಡಿನೋವಿನವರು, ಮೆಟ್ಟಿಲು ಹತ್ತಿದವರೇ ಅಲ್ಲ. ಹೊಸಿಲ ಮೇಲೆ ಕುಸಿದು ಕೂತರು. ಅವರ ತುಟಿ ಒಣಗಿತ್ತು.

"ಮೂರ್ ದಿನದಿಂದ ಉಪ್ ಮುಟ್ಸಿಲ್ಲ ಅಮ್ಮಣ್ಣಿ. ಈಗ ನೆಕ್ ನೋಡ್ದೆ. ಅಂಗೇ ಐತೆ." ವಿಮಾನವೊಂದು ಹಾಯ್ದಿತು. ಅದು ದಾಟಿದ ಮೇಲೂ ಅವರು ಮಾತು ಮುಂದುವರಿಸಲಿಲ್ಲ. ನಾನು ನೀರು ಕೊಟ್ಟೆ, ಕುಡಿಯಲಿಲ್ಲ. "ನನ್ ಮೊದಲ್ನೇ ಮಗಾನೂ ಇಂಗೇ ಇತ್ತು. ಎಣ್ಮಗಾ. ಇಂಗೇ ಉಪ್ಪುಪ್ಪು, ಇಂಗೇ ಕೆಮ್ಮು. ವರ್ಸ ತುಂಬ್ನಿಲ್ಲ. ನಾನೂ ಸೋದರಮಾವನ್ನೇ ಕಟ್ಕಂಡಿದ್ದು. ನಮ್ಮತ್ತೆ ಅಂದ್ರು, ತಾಯಿ ಕಣ್ಣೇ ಮಗೀನ ತಿಂತು ಅಂತ. ಮೊದಲ್ನೇದು ಅಂತ ಬಾಳ ನೋಡ್ತಿದ್ದೆ ನಾನು. ಆಸೆಪಟ್ಟು ನೋಡ್ತಿದ್ದೆ."

ಆಗ ತಿಳಿಯಿತು, ತುತ್ತಿಡುವಾಗ ಆ ಮುಖ ಯಾಕೆ ಆ ಕಡೆ ತಿರುಗುತ್ತಿತ್ತೆಂದು. ಹೆತ್ತ ಕೂಸನ್ನು ತನ್ನ ಕಣ್ಣೇ ಕೊಂದಿತೆಂದು ನಂಬಿ ಬದುಕಿದ ಹೆಂಗಸು ಮೊಮ್ಮಗಳನ್ನು ಕಣ್ತುಂಬ ನೋಡುವ ಧೈರ್ಯ ಮಾಡಿರಲಿಲ್ಲ. ನನ್ನ ಭಯ ಒಂಬತ್ತು ದಿನದ್ದು. ಅವರದ್ದು ಒಂದು ಆಯುಷ್ಯದ್ದು.

ಸಿಟಿಯ ಆಸ್ಪತ್ರೆಗೆ ನಾನೂ ಹೋದೆ. ಮಗುವಿನ ತೋಳಿಗೆ ಔಷಧಿ ಹಚ್ಚಿ, ಸಣ್ಣ ವಿದ್ಯುತ್ ಹರಿಸಿ, ಬೆವರು ಬರಿಸಿ, ಅದರ ಉಪ್ಪನ್ನು ಅಳೆಯುತ್ತಾರೆ. ಅಷ್ಟೇ. ನಾನು ದಿನವೂ ಅದಕ್ಕಿಂತ ಕಷ್ಟದ ಪರೀಕ್ಷೆಗಳನ್ನು ಮಾಡುತ್ತೇನೆ, ಆದರೆ ಆ ಬೆಂಚಿನ ಮೇಲೆ ಕೂತು ಕಾಯುವಾಗ ನಿಮಿಷ ನಿಮಿಷಕ್ಕೂ ಗಡಿಯಾರ ನೋಡಿದೆ. ಎರಡು ಸಲ ಅಳೆದರು. ಎರಡು ಸಲವೂ ಇರಬೇಕಾದ್ದಕ್ಕಿಂತ ಬಹಳ ಹೆಚ್ಚು.

ವೈದ್ಯೆ ಒಳ್ಳೆಯವರು, ನಿಧಾನವಾಗಿ ಹೇಳಿದರು. ವಾಸಿಯಾಗುವುದಲ್ಲ. ಆದರೆ ಕೊಬ್ಬು ಅರಗಲು ಪ್ರತಿ ಊಟದ ಜತೆ ಪುಡಿ ತುಂಬಿದ ಗುಳಿಗೆ, ದಿನಕ್ಕೆರಡು ಸಲ ಎದೆ ಬೆನ್ನು ತಟ್ಟಿ ಕಫ ಸಡಿಲಿಸುವುದು, ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಉಪ್ಪು. ಹೀಗೆ ನೋಡಿಕೊಂಡರೆ ಬೆಳೆಯುತ್ತಾಳೆ. ಎಷ್ಟು ವರ್ಷ ಎಂದು ನಾರಾಯಣಸ್ವಾಮಿ ಕೇಳಿದರು. ಅದನ್ನು ಈಗಲೇ ಹೇಳಲಾಗದು ಎಂದರು ವೈದ್ಯೆ. ಆ ಮನುಷ್ಯ ಕಿಟಕಿಯ ಹತ್ತಿರ ಹೋಗಿ ನಿಂತು ಬೆನ್ನು ತಿರುಗಿಸಿಕೊಂಡರು.

"ಮಾವನ್ನ ಕಟ್ಕಂಡಿದ್ದಕ್ಕಾ ಅಕ್ಕ?" ಪವಿತ್ರ ನನ್ನನ್ನು ಕೇಳಿದಳು, ವೈದ್ಯೆಯನ್ನಲ್ಲ.

"ನಮ್ಮಪ್ಪ ಅವ್ವನೂ ಹಂಗ ಪವಿತ್ರಾ. ನಾ ಗಟ್ಟಿಯಾಗಿ ಬೆಳದೆ. ಚಿನ್ನೂಗ ಹಿಂಗಾತು. ನೀನೇನೂ ತಪ್ಪು ಮಾಡಿಲ್ಲ, ನಿಮಗ ಗೊತ್ತಿರಲಿಲ್ಲ" ಎಂದೆ. ಅದು ಪೂರಾ ಉತ್ತರವಲ್ಲ ಎಂಬುದು ಅವಳಿಗೂ ತಿಳಿಯಿತು. ಆದರೂ ನನ್ನ ಕೈ ಬಿಡಲಿಲ್ಲ.

ಮುನಿಯಮ್ಮ ಅಷ್ಟು ಹೊತ್ತೂ ಮೂಲೆಯ ಬೆಂಚಿನಲ್ಲಿ ಕೂತಿದ್ದರು. ನಾನು ಹತ್ತಿರ ಹೋದಾಗ ನನ್ನ ಮಣಿಕಟ್ಟು ಹಿಡಿದರು. "ಅಂಗಾರೆ ಅದು ನನ್ ಕಣ್ಣಲ್ವಾ ಅಮ್ಮಣ್ಣಿ?"

"ಅಲ್ಲ ಅಮ್ಮಾ. ನಿಮ್ಮ ಕಣ್ಣಲ್ಲ. ಯಾರ ಕಣ್ಣೂ ಅಲ್ಲ."

ಅವರು ಪವಿತ್ರಳ ತೊಡೆಯಿಂದ ಚಿನ್ನುವನ್ನು ಎತ್ತಿಕೊಂಡು, ಎದುರಿಗೆ ಹಿಡಿದು, ಮುಖ ತಿರುಗಿಸದೆ ನೋಡಿದರು. ಬಿಟ್ಟಗಣ್ಣು ಮುಚ್ಚದೆ, ನೀರು ಸುರಿಯುತ್ತಿದ್ದರೂ ಒರೆಸಿಕೊಳ್ಳದೆ ನೋಡಿದರು. ಕೂಸು ಅಜ್ಜಿಯ ಮೂಗಿನ ಬೊಟ್ಟನ್ನು ಹಿಡಿದೆಳೆಯಿತು. ನಾನು ಆ ದಿನ ಅತ್ತಷ್ಟು ಮನೆ ಬಿಟ್ಟು ಬರುವಾಗಲೂ ಅತ್ತಿರಲಿಲ್ಲ.

ಆಮೇಲೆ ಅವರು ನನ್ನನ್ನು ಕೇಳಿದ್ದು ಇದಕ್ಕಿಂತ ಕಷ್ಟದ ಪ್ರಶ್ನೆ. "ನೀನು ಬೆಳ್ಸ್ತೀಯಲ್ಲ ಬಟ್ಲಲ್ಲಿ, ಅದ್ರಾಗೆ ನಮ್ ಮಗೀಗೆ ಔಸ್ದಿ ಐತಾ?" ಹೊರದೇಶದಲ್ಲಿ ಒಂದೆರಡು ಔಷಧಿ ಬಂದಿವೆ, ಅವು ಎಲ್ಲರ ದೋಷಕ್ಕೂ ಹೊಂದುವುದಿಲ್ಲ, ಇಲ್ಲಿ ಸಿಗುವುದೂ ಇಲ್ಲ, ನಮ್ಮದು ಇನ್ನೂ ಬಟ್ಟಲಿನ ಹಂತ. ಇದನ್ನೆಲ್ಲ ಹೇಗೆ ಹೇಳುವುದು? "ಇನ್ನೂ ಇಲ್ಲ ಅಮ್ಮಾ" ಎಂದೆ. "ಬೇಗ ಮಾಡು" ಎಂದರು, ಒಲೆಯ ಮೇಲೆ ಅನ್ನಕ್ಕಿಡು ಎನ್ನುವಷ್ಟು ಸಹಜವಾಗಿ. ಹಸಿರು ಬಣ್ಣ ಕೋಶದೊಳಗೇ ಸಿಕ್ಕಿಬಿದ್ದ ಚಿತ್ರ ಕಂಡರೆ ಮೊದಲು ಅದೊಂದು ಫಲಿತಾಂಶವಾಗಿತ್ತು. ಈಗ ಅದು ಮೇಲೆ ಬರಲಿ ಎಂದು ಹರಕೆ ಹೊತ್ತುಕೊಳ್ಳುತ್ತೇನೆ.

ಊರು ನನ್ನನ್ನು ಓಡಿಸಲಿಲ್ಲ. ಚಿಕ್ಕತಾಯಮ್ಮ ಎರಡು ವಾರ ಮಾತಾಡಲಿಲ್ಲ, ಆಮೇಲೆ ಒಂದು ದಿನ ಹಿತಕಿದ ಅವರೆಬೇಳೆಯ ಸಾರು ತಂದುಕೊಟ್ಟು ಹೋದರು. ಹಿತಕಿದ ಬೇಳೆ ಅಂದರೆ ನೆನೆಸಿದ ಅವರೆಕಾಳನ್ನು ಒಂದೊಂದಾಗಿ ಬೆರಳಲ್ಲಿ ಒತ್ತಿ ಸಿಪ್ಪೆ ಬಿಡಿಸಿದ್ದು. ಅಷ್ಟು ತಾಳ್ಮೆ ಬೇಡುವ ಅಡುಗೆಯನ್ನು ಕ್ಷಮಾಪಣೆ ಎಂದೇ ನಾನು ತಿಳಿದುಕೊಂಡೆ. ಮುದ್ದೆಯನ್ನು ಈಗ ಅಂಜದೆ ನುಂಗುತ್ತೇನೆ. ಬೆಳಿಗ್ಗೆ ಚಿನ್ನುವಿನ ಬೆನ್ನು ತಟ್ಟುವುದು ನನ್ನ ಪಾಳಿ, ಸಂಜೆ ಪವಿತ್ರಳದು. ಅಂಗೈಯನ್ನು ದೊನ್ನೆಯಂತೆ ಮಾಡಿ, ಪಕ್ಕೆಯಿಂದ ಮೇಲಕ್ಕೆ ತಟ್ಟಬೇಕು. ರೊಟ್ಟಿ ಬಡಿದ ಕೈ ಚೆನ್ನಾಗಿ ತಟ್ಟುತ್ತದೆ ಎಂದು ಮುನಿಯಮ್ಮ ಎಲ್ಲರೆದುರು ಹೊಗಳುತ್ತಾರೆ.

ಮೊನ್ನೆ ರಜೆ ಹಾಕಿ ಊರಿಗೆ ಬಂದೆ. ಶಿವಲೀಲಾ ಹೆತ್ತು ನಲವತ್ತು ದಿನ. ಹೊಸಿಲು ದಾಟುವ ಮೊದಲೇ ಅವ್ವ ಕೂಸನ್ನು ತಂದು ನನ್ನ ಕೈಗಿಟ್ಟಳು. ಗುಂಡು ಗುಂಡಗೆ, ಕೆಂಪಗೆ. ಸುತ್ತ ಹೆಂಗಸರೆಲ್ಲ ನಿಂತಿದ್ದರು. "ದೊಡ್ಡವ್ವ ಬಂದಾಳ, ಒಂದು ಮುದ್ದು ಕೊಡಸ್ಕೊ" ಎಂದು ಯಾರೋ ಅಂದರು. ಸೋದರಮಾವನ ಕೂಸು ಇದೂ. ನಮ್ಮ ಮನೆಯ ನೆತ್ತರಲ್ಲಿ ಏನು ಅಡಗಿದೆಯೋ ಯಾರಿಗೆ ಗೊತ್ತು? ದೇವನಹಳ್ಳಿಯಲ್ಲಿದ್ದಾಗ ಊರು ಅಂದರೆ ಅಂಜಿಕೆ ಇಲ್ಲದ ಜಾಗ ಎಂದುಕೊಂಡಿದ್ದೆ. ಈಗ ನನ್ನವರ ನಡುವೆ, ನಮ್ಮ ಪಡಸಾಲೆಯಲ್ಲಿ, ಒಂದು ಮುತ್ತು ಕೊಡಲು ಅಂಜಿ ನಿಂತೆ.

"ಯಾಕಬೇ? ಎತ್ತಿಕೊಳ್ಳಾಕ ಬ್ಯಾಸರೇನು?" ಶಿವಲೀಲಾಳ ದನಿಯಲ್ಲಿ ನೋವಿತ್ತು.

ಕಣ್ಣು ಮುಚ್ಚಿಕೊಂಡು ಹಣೆಗೆ ತುಟಿ ಒತ್ತಿದೆ. ಮೇ ತಿಂಗಳ ಬಿಸಿಲಿಗೆ ಕೂಸು ಬೆವೆತಿತ್ತು. ತುಟಿಯನ್ನು ನಾಲಗೆಯಿಂದ ಸವರಿಕೊಂಡೆ. ಹಾಲು, ಬೆವರಿನ ಎಲ್ಲೋ ಒಂದು ಎಳೆ, ಎಲ್ಲ ಕೂಸುಗಳಿಗೂ ಇರುವಷ್ಟೇ. ಎದೆಯ ಮೇಲಿನ ಕಲ್ಲು ಇಳಿಯಿತು. ಇಳಿದ ಕೂಡಲೇ ಚಿನ್ನು ನೆನಪಾದಳು. ನಮ್ಮ ಮನೆಯ ಕೂಸು ಪಾರಾಯಿತೆಂದು ಖುಷಿಪಟ್ಟ ನಾನು ಆ ಮನೆಯ ಕೂಸನ್ನು ಎತ್ತಲೋ ಕೈಬಿಟ್ಟೆನೇನೋ ಅನ್ನಿಸಿ, ಆ ಖುಷಿಯಲ್ಲೇ ಮೈ ತಣ್ಣಗಾಯಿತು.

ಮಧ್ಯಾಹ್ನ ಪವಿತ್ರಳ ಫೋನು ಬಂತು. ಚಿನ್ನು ಎರಡು ಹೆಜ್ಜೆ ಇಟ್ಟಳಂತೆ, ಗುಳಿಗೆ ಉಗಿದಳಂತೆ, ಬೆಳಗಿನ ಪಾಳಿಗೆ ಮಾವನೇ ಬೆನ್ನು ತಟ್ಟಿದರಂತೆ, ನನ್ನಷ್ಟು ಚೆನ್ನಾಗಿ ಬರಲಿಲ್ಲವಂತೆ. ಎಲ್ಲ ಹೇಳಿ ಮುಗಿಸಿ ಕೇಳಿದಳು.

"ಅಕ್ಕ, ನಿಮ್ ತಂಗಿ ಮಗೀಗೆ ಮುತ್ ಕೊಟ್ರಾ?"

"ಕೊಟ್ಟೆ."

"ಎಂಗಿತ್ತು?"

ಸುಳ್ಳು ಹೇಳಲು ಒಂದು ಕ್ಷಣ ಮನಸ್ಸು ಮಾಡಿದೆ, ಸುಳ್ಳಾದರೂ ಏನು ಹೇಳುವುದು? "ಉಪ್ಪಿಲ್ಲ ಪವಿತ್ರಾ" ಎಂದೆ.

"ಸದ್ಯ" ಎಂದಳು. "ಸದ್ಯ ಬಿಡಿ ಅಕ್ಕ. ದೇವ್ರು ದೊಡ್ಡೋನು." ಮನಸ್ಸಿನಿಂದಲೇ ಅಂದಳು. ಅಂದ ಮೇಲೆ ಅವಳ ದನಿ ಒಡೆಯಿತು.

ಇಬ್ಬರೂ ಫೋನು ಇಡಲಿಲ್ಲ. ಆ ಕಡೆಯಿಂದ ಚಿನ್ನುವಿನ ಒದ್ದೆ ಕೆಮ್ಮು ಕೇಳುತ್ತಿತ್ತು, ಈ ಕಡೆ ನನ್ನ ತೊಡೆಯ ಮೇಲೆ ತಂಗಿಯ ಕೂಸು ಸದ್ದಿಲ್ಲದೆ ಉಸಿರಾಡುತ್ತ ಮಲಗಿತ್ತು.